ಒಂದೇ ಸ್ವರದ ಕೂಲಿ

ದಿನಕ್ಕೆ ಎರಡು ಗಿಲ್ಡರ್. ಮಧ್ಯಾಹ್ನಕ್ಕೆ ಬ್ರೆಡ್ಡು, ಉಪ್ಪು ಮೀನು.
ಕೆಲಸ ಇಷ್ಟೇ: ಮಾಡಿಲ್ಲದ ರೈಲುಡಬ್ಬಿಯಲ್ಲಿ ನಿಂತು
ಕಹಳೆಯಲ್ಲಿ ಒಂದೇ ಒಂದು ಸ್ವರ ಊದುವುದು,
ಉಟ್ರೆಕ್ಟಿನಿಂದ ಹೊರಟು ಹಳಿಯುದ್ದಕ್ಕೂ, ಮತ್ತೆ ವಾಪಸು.
ರಾಗವಿಲ್ಲ, ತಾಳವಿಲ್ಲ, ಚಪ್ಪಾಳೆಯಂತೂ ಇಲ್ಲವೇ ಇಲ್ಲ.
'ಅಳೆಯೋದಕ್ಕೆ' ಅಂದ ತೂನಿಸ್, ಸ್ಲೇಟು ಹಿಡಿದ ಹುಡುಗ.
ಏನನ್ನು ಅಂತ ನಾನು ಕೇಳಲಿಲ್ಲ.
ದುಡ್ಡು ಎಣಿಸಿಕೊಂಡೆ.

ಹಳಿಯ ಪಕ್ಕದ ಹುಲ್ಲಲ್ಲಿ ಸಾಲಾಗಿ ಕಿವಿಗಾರರು.
ಅವರ ನಡುವೆ ಲುಬ್ಬರ್ಟ್, ನಮ್ಮ ಮೇಳದ ಎರಡನೇ ಕಹಳೆ,
ಒಂಬತ್ತು ವರ್ಷದಿಂದ ನನ್ನ ಎಡಕ್ಕೆ ಕೂತು
ಪ್ರತಿ ಭಾನುವಾರ ಹುಬ್ಬು ಹಾರಿಸಿ ಪಿಸುಗುಟ್ಟುವವನು:
'ವೀಬೆ, ಮೇಲೆ ಹೋಗ್ತಿದೀಯ.
ಕೂದಲೆಳೆಯಷ್ಟು. ಆದರೂ ಮೇಲೆ.'

ಊದಿದೆ.
ಇಂಜಿನ್ನಿನ ಮಸಿ ನಾಲಿಗೆ ಮೇಲೆ ಕೂತಿತು, ತುಟಿ ತೊಗಲಾಯಿತು.
ದನಗಳು ಹಿಂದಕ್ಕೋಡಿದವು, ಗಾಳಿಗಿರಣಿಗಳು ಓಡಿದವು,
ಲುಬ್ಬರ್ಟ್, ಅವನ ಟೋಪಿ, ಅವನ ಹುಬ್ಬು, ಎಲ್ಲ ಓಡಿದವು.
ಸ್ವರ ಮಾತ್ರ ನನ್ನ ಕಿವಿಯಲ್ಲಿ
ಮೊಳೆ ಹೊಡೆದ ಹಾಗೆ ನಿಂತಿತ್ತು.

ಇಳಿದ ಮೇಲೆ ಸ್ಲೇಟು ತೋರಿಸಿದರು.
ಬರುವಾಗ ಅರ್ಧ ಸ್ವರ ಮೇಲೆ.
ಹೋಗುವಾಗ ಅರ್ಧ ಸ್ವರ ಕೆಳಗೆ.
ಲುಬ್ಬರ್ಟನದೇ ಅಕ್ಷರ. 'ಮೇಲೆ'ಯ ಅಡಿಗೆ ಗೆರೆ ಬೇರೆ.
'ಸುಳ್ಳು' ಅಂದೆ, 'ದೇವರಾಣೆ ಕದಲಿಸಿಲ್ಲ.'
'ದೇವರಾಣೆ ಕೇಳಿದೀನಿ' ಅಂದ.

ಕೈ ಕೈ ಹತ್ತುವ ಮುಂಚೆ ತೂನಿಸ್
ನಮ್ಮಿಬ್ಬರನ್ನೂ ಕಾಲುವೆಯ ದಡಕ್ಕೆ ಎಳೆದೊಯ್ದ.
ಬಾತುಕೋಳಿಯೊಂದು ಬಾಲ ಅದುರಿಸುತ್ತಾ ಮೆಲ್ಲಗೆ ಈಜುತ್ತಿತ್ತು.
'ನೋಡಿ, ಮುಂದಿನ ಅಲೆ ಒತ್ತೊತ್ತು. ಹಿಂದಿನದು ಬಿಡಿಬಿಡಿ.
ಅದು ಅದುರೋದು ಒಂದೇ ಲಯದಲ್ಲಿ.
ತಾನು ಬಿಟ್ಟ ಅಲೆಯ ಬೆನ್ನು ಹತ್ತಿದೆ, ಅಷ್ಟೇ.'
ಲುಬ್ಬರ್ಟ್ ಬಾತನ್ನು ನೋಡಿದ. ನಾನು ಲುಬ್ಬರ್ಟನನ್ನು.
ಒಂಬತ್ತು ವರ್ಷದಲ್ಲಿ ಮೊದಲ ಸಲ
ಇಬ್ಬರೂ ಸರಿಯಾಗಿದ್ದೆವು. ಒಬ್ಬರಿಗೂ ಖುಷಿಯಾಗಲಿಲ್ಲ.

ಮಧ್ಯಾಹ್ನ ಅವನು ಡಬ್ಬಿ ಹತ್ತಿದ, ನಾನು ಹುಲ್ಲಿಗಿಳಿದೆ.
ದೂರದಲ್ಲಿ ಇಂಜಿನ್ನಿನ ನೆತ್ತಿಯಿಂದ ಬಿಳಿ ಆವಿ ಚಿಮ್ಮಿತು.
ಒಂದು. ಎರಡು. ಮೂರು.
ಆಮೇಲೆ ಬಂತು ಸಿಳ್ಳೆ.
ಬೆಳಕು ದಾರಿಯಲ್ಲಿ ಯಾರ ಮನೆಗೂ ಹೋಗುವುದಿಲ್ಲ;
ಸದ್ದು ಹಾಗಲ್ಲ, ನಡುವಿನ ಗಾಳಿಯ ಒಂದೊಂದು ಕಣದ
ಹೆಗಲು ತಟ್ಟಿ, ಮಾತಾಡಿಸಿಕೊಂಡೇ ಬರಬೇಕು.
ಅದರ ಹಿಂದೆ ಲುಬ್ಬರ್ಟನ ಸ್ವರ, ಬಿಗಿದ ತಂತಿಯಂತೆ,
ಸರಿಯಾಗಿ ನನ್ನೆದುರು ಬಂದು
ಮೆಟ್ಟಿಲಿಳಿದು ಹೋಯಿತು.
ಅವನ ಕೆನ್ನೆ ಉಬ್ಬಿದ್ದು ಉಬ್ಬಿದ ಹಾಗೇ ಇತ್ತು.
ಕಣ್ಣು ಒಂದು ಹೇಳಿತು, ಕಿವಿ ಇನ್ನೊಂದು.

ಜೂನ್ ತಿಂಗಳ ಕತ್ತಲೆ ಬಲು ತಡ.
ಕೊನೆಯ ಗಾಡಿ ಹೊರಟಾಗ ಅದರ ಬಾಲದ ಕೆಂಪು ಲಾಂದ್ರ
ನಮ್ಮಿಂದ ದೂರ ದೂರ ಹೋಗುತ್ತಿತ್ತು.
'ಬೆಳಕೂ ಅಲೆಯಂತೆ' ಅಂದ ತೂನಿಸ್,
'ಆ ಕೆಂಪು ಈಗ ಇನ್ನಷ್ಟು ಕೆಂಪಾಗಿರಬೇಕು.'
ಕಣ್ಣು ಕಿರಿದು ಮಾಡಿ ನೋಡಿದೆವು. ಅದೇ ಕೆಂಪು.
'ಬೆಳಕಿನ ಓಟದ ಮುಂದೆ ನಮ್ಮ ರೈಲು ನಿಂತ ಹಾಗೇ ಲೆಕ್ಕ.
ನಕ್ಷತ್ರಗಳು ಬೇಕು' ಅಂದ.
ಮೂವರೂ ಕತ್ತೆತ್ತಿದೆವು. ಮೋಡ.

ಮುಂದಿನ ಭಾನುವಾರ, ಇಗರ್ಜಿಯಲ್ಲಿ,
ಎರಡನೇ ಸಾಲು ಮುಗಿಯುವಷ್ಟರಲ್ಲಿ ಎಡಕ್ಕೆ ಹುಬ್ಬು ಹಾರಿತು.
'ವೀಬೆ, ಮೇಲೆ.'
ಬಾಯಿ ತೆರೆದೆ: ನಾನಲ್ಲ, ಅಲೆ, ಒತ್ತೊತ್ತು, ಬಾತುಕೋಳಿ...
ಲುಬ್ಬರ್ಟ್ ಬಗ್ಗಿ ನನ್ನ ಕುರ್ಚಿಯ ಕಾಲು ಎಣಿಸಿದ.
ನಾಲ್ಕೂ ನೆಲದ ಮೇಲೇ ಇದ್ದವು,
ಗಾಲಿ ಇರಲಿಲ್ಲ.

ಕಹಳೆಯ ಕೊಳವೆಯನ್ನು
ಕೂದಲೆಳೆಯಷ್ಟು ಹೊರಗೆಳೆದೆ.